ಯಾವ ಪ್ಯಾರಾ? ಕಾನೂನು ಪಠ್ಯಕ್ರಮ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಕಾನೂನು ಪದವಿಯ ಪಠ್ಯಕ್ರಮ ರೂಪಿಸುವ, ಪ್ರಶ್ನೆಪತ್ರಿಕೆ ತಯಾರಿಸುವ ಮಾನ್ಯರಿಗೆ,

ನಮಸ್ಕಾರ. ನಾನು ಐದು ವರ್ಷದ ಕಾನೂನು ಪದವಿಯ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿನಿ. ಇಷ್ಟು ವರ್ಷದಲ್ಲಿ ನೀವು ಕಲಿಸಿದ್ದು ಬಹಳ. ಆದರೆ ದಿನಾ ಬೇಕಾಗುವ ಒಂದು ಕೆಲಸವನ್ನು ಯಾರೂ ಕಲಿಸಲಿಲ್ಲ. ಕಾನೂನನ್ನು ಹುಡುಕುವುದು ಹೇಗೆ, ಸಿಕ್ಕಿದ್ದು ಸರಿಯೋ ಅಲ್ಲವೋ ಅಂತ ತಿಳಿಯುವುದು ಹೇಗೆ ಅನ್ನುವ ಕೆಲಸ ಅದು. ಈ ಪತ್ರ ಅದರ ಬಗ್ಗೆ.

ಮೊದಲು ನನ್ನ ಮಾನ ಹೋದ ಕಥೆ ಹೇಳಿಬಿಡುತ್ತೇನೆ. ಎರಡನೇ ವರ್ಷದಲ್ಲಿ ನನ್ನ ಮೊದಲ ಮೂಟ್ ಕೋರ್ಟ್, ಅಂದರೆ ವಿದ್ಯಾರ್ಥಿಗಳು ವಾದ ಮಾಡುವ ಅಣಕು ನ್ಯಾಯಾಲಯ. ನ್ಯಾಯಾಧೀಶರ ಜಾಗದಲ್ಲಿ ಹಿರಿಯ ವಕೀಲರೊಬ್ಬರು ಕೂತಿದ್ದರು. ನಾನು ಸುಪ್ರೀಂ ಕೋರ್ಟಿನ ತೀರ್ಪಿನಿಂದ ಒಂದು ಸಾಲು ಹೇಳಿದೆ. ‘ಯಾವ ಪ್ಯಾರಾ?’ ಅಂದರು. ನಂಬರ್ ಹೇಳಿದೆ. ಅಷ್ಟಾದರೂ ಬರೆದುಕೊಂಡಿದ್ದೆ. ಅವರು ಮುಂದಿದ್ದ ಪ್ರತಿ ತಿರುವಿ, ‘ಈ ಪ್ಯಾರಾ ಶುರುವಾಗೋದು ಹೇಗೆ, ಸ್ವಲ್ಪ ಓದಮ್ಮ’ ಅಂದರು. ಓದಿದೆ. ‘ಮೇಲ್ಮನವಿದಾರರ ಪರ ವಕೀಲರ ವಾದವೇನೆಂದರೆ’ ಅಂತ ಶುರುವಾಗಿತ್ತು. ಕೋರ್ಟಿನ ಮಾತು ಅಂತ ನಾನು ಎದೆ ಸೆಟೆಸಿ ಹೇಳಿದ್ದು ಸೋತ ಕಡೆಯ ವಕೀಲರ ವಾದವನ್ನು! ಅಲ್ಲಿಂದ ಆರು ಪುಟ ಮುಂದೆ ಕೋರ್ಟ್ ಅದನ್ನು ತಳ್ಳಿಹಾಕಿತ್ತು. ನಾನು ಅಲ್ಲಿಯವರೆಗೆ ಹೋಗಿರಲೇ ಇಲ್ಲ.

ಸೋಮಾರಿತನ ಅಂತ ನೀವು ಅನ್ನಬಹುದು. ಆದರೆ ಆ ಸಾಲಿಗಾಗಿ ನಾನು ಎರಡು ರಾತ್ರಿ ಕೂತಿದ್ದೆ. ತೀರ್ಪುಗಳ ಡೇಟಾಬೇಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ನಾಲ್ಕು ಪದ ಹಾಕಿದೆ. ಅದು ನನ್ನನ್ನು ನೇರ ಆ ಸಾಲಿಗೆ ತಂದು ನಿಲ್ಲಿಸಿತು. ಹಳದಿ ಬಣ್ಣ ಬಳಿದು ತೋರಿಸಿತು. ಬೇಕಾದ ಸಾಲು ಕಣ್ಣ ಮುಂದೆ ಹೊಳೆಯುವಾಗ ಹಿಂದೆ ಮುಂದೆ ಓದಬೇಕು ಅಂತ ಯಾರಿಗೆ ಹೊಳೆಯುತ್ತದೆ? ನಮ್ಮ ಕೋರ್ಟುಗಳ ತೀರ್ಪಿನಲ್ಲಿ ಮೊದಲು ಪ್ರಕರಣದ ಸಂಗತಿ ಬರುತ್ತದೆ, ಆಮೇಲೆ ಒಂದು ಕಡೆಯ ವಾದ, ಇನ್ನೊಂದು ಕಡೆಯ ವಾದ, ಹಳೆಯ ತೀರ್ಪುಗಳಿಂದ ಪುಟಗಟ್ಟಲೆ ಉಲ್ಲೇಖ. ಕೋರ್ಟ್ ತನ್ನ ಬಾಯಿ ತೆರೆಯುವುದು ಕೆಲವೊಮ್ಮೆ ಮುಕ್ಕಾಲು ಭಾಗ ಕಳೆದ ಮೇಲೆ. ಇದನ್ನು ಮೊದಲ ವಾರದಲ್ಲೇ ಒಂದು ತೀರ್ಪು ಮುಂದಿಟ್ಟುಕೊಂಡು ತೋರಿಸಬಹುದಿತ್ತು. ಒಂದು ಗಂಟೆಯ ಕೆಲಸ.

ನೀವು ಹೇಳಬಹುದು, ಇದೆಲ್ಲ ಮೂಟ್ ಮಾಡ್ತಾ, ಇಂಟರ್ನ್‌ಶಿಪ್ ಮಾಡ್ತಾ ಬರುತ್ತದೆ ಅಂತ. ನಿಯಮಗಳೂ ಹಾಗೇ ನಂಬಿಕೊಂಡಿರುವಂತಿದೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ನಾಲ್ಕು ಪ್ರಾಯೋಗಿಕ ಪತ್ರಿಕೆ ಕಡ್ಡಾಯ. ಡ್ರಾಫ್ಟಿಂಗ್ ಮತ್ತು ಪ್ಲೀಡಿಂಗ್ ಒಂದು, ವೃತ್ತಿ ನೀತಿ ಒಂದು, ಕೋರ್ಟಿನ ಹೊರಗೆ ವ್ಯಾಜ್ಯ ಬಗೆಹರಿಸುವ ದಾರಿಗಳು ಒಂದು, ಮೂಟ್ ಮತ್ತು ಇಂಟರ್ನ್‌ಶಿಪ್ ಒಂದು. ಹುಡುಕುವ ಕೆಲಸಕ್ಕೆ ಅಂತಲೇ ಇರುವ ಪತ್ರಿಕೆ ಈ ನಾಲ್ಕರಲ್ಲಿ ಇಲ್ಲ. ಒಂದು ವರ್ಷದ ಎಲ್‌ಎಲ್‌ಎಂಗೆ ಹೋದರೆ ಸಂಶೋಧನಾ ವಿಧಾನದ ಪತ್ರಿಕೆ ಕಡ್ಡಾಯವಾಗಿ ಸಿಗುತ್ತದೆ. ಅಂದರೆ ಮುಂದೆ ಓದುವವರಿಗೆ ಹುಡುಕುವುದನ್ನು ಕಲಿಸುತ್ತೇವೆ. ನಾಳೆ ಬೆಳಗ್ಗೆ ಕಕ್ಷಿದಾರರ ಕೇಸು ಕೈಗೆ ತೆಗೆದುಕೊಳ್ಳುವವರಿಗೆ ಕಲಿಸುವುದಿಲ್ಲ. ಇದು ತಲೆಕೆಳಗಾಯಿತು ಅಲ್ವಾ?

ಇಂಟರ್ನ್‌ಶಿಪ್‌ನಲ್ಲಿ ಏನಾಗುತ್ತದೆ ಅಂತಲೂ ಕೇಳಿ. ಸೀನಿಯರ್ ಆಫೀಸಿನಲ್ಲಿ ‘ಈ ಪಾಯಿಂಟ್ ಮೇಲೆ ನಾಲ್ಕು ಜಡ್ಜ್‌ಮೆಂಟ್ ತೆಗೆದಿಡಿ, ನಮ್ಮ ಪರ ಇರೋದು’ ಅಂತಾರೆ. ತೆಗೆದಿಡುತ್ತೇವೆ. ನಮ್ಮ ಪರ ಇರುವುದನ್ನು ಮಾತ್ರ. ವಿರುದ್ಧ ಇರುವುದನ್ನು ಎದುರಾಳಿ ಮೊದಲು ಹುಡುಕಿದರೆ ಏನು ಗತಿ ಅಂತ ಅಲ್ಲಿ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಸೀನಿಯರ್‌ಗಳನ್ನು ದೂರುವ ಇರಾದೆ ನನಗಿಲ್ಲ. ಅವರ ಮುಂದೆ ಆವತ್ತಿನ ಕೇಸು ಪಟ್ಟಿ ಇರುತ್ತದೆ. ಕಲಿಸುವ ಕೆಲಸ ಅವರದ್ದಲ್ಲ, ನಿಮ್ಮದು.

ಇದು ಬರೀ ಮಾರ್ಕ್ಸ್ ವಿಷಯವೂ ಅಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ನಿಮಗೆ ಗೊತ್ತೇ ಇದೆ, ಆನ್‌ಲೈನಿನಲ್ಲಿ ‘ಆಕ್ಷೇಪಾರ್ಹ’ ಸಂದೇಶ ಕಳಿಸುವುದನ್ನು ಅಪರಾಧ ಅಂದಿದ್ದ ಸೆಕ್ಷನ್. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆದರೂ ಅದೇ ಸೆಕ್ಷನ್ ಅಡಿ ಕೇಸುಗಳು ದಾಖಲಾಗುತ್ತಲೇ ಇದ್ದವು. 2021ರಲ್ಲಿ ಇದು ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ನ್ಯಾಯಮೂರ್ತಿಗಳೇ ದಂಗಾದರು. ಆಗ ಅಟಾರ್ನಿ ಜನರಲ್ ಕೊಟ್ಟ ವಿವರಣೆ ನನಗೆ ಯಾವತ್ತೂ ಮರೆಯುವುದಿಲ್ಲ. ಬೇರ್ ಆಕ್ಟ್ ಪುಸ್ತಕದಲ್ಲಿ (ಕಾಯ್ದೆಯ ಪಠ್ಯ ಮಾತ್ರ ಇರುವ ಪುಸ್ತಕ) ಸೆಕ್ಷನ್ ಪೂರ್ತಿ ಅಚ್ಚಾಗಿದೆ, ರದ್ದಾಗಿದೆ ಅನ್ನುವ ಮಾತು ಕೆಳಗೆ ಅಡಿಟಿಪ್ಪಣಿಯಲ್ಲಿದೆ, ಪೊಲೀಸರು ಅಡಿಟಿಪ್ಪಣಿ ನೋಡುವುದಿಲ್ಲ ಅಂತ. ಒಂದು ಅಡಿಟಿಪ್ಪಣಿ ಓದದೇ ಇದ್ದದ್ದಕ್ಕೆ ಜನ ಕೋರ್ಟು ಅಲೆದರು. ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಆದೇಶ ಹೊರಡಿಸಿತು. ಈ ಸೆಕ್ಷನ್ ಅಡಿ ಯಾರನ್ನೂ ವಿಚಾರಣೆಗೆ ಗುರಿಮಾಡುವಂತಿಲ್ಲ ಅಂದಿತು. ಆ ಕಾಯ್ದೆಯ ಯಾವುದೇ ಪ್ರಕಟಣೆಯಲ್ಲಿ 66ಎ ಅಚ್ಚು ಹಾಕಿದರೆ, ಅದು ರದ್ದಾಗಿದೆ ಅಂತ ಓದುಗರಿಗೆ ಚೆನ್ನಾಗಿ ಗೊತ್ತಾಗುವಂತೆ ಹೇಳಬೇಕು ಅಂತಲೂ ಅಂದಿತು.

ಪೊಲೀಸರನ್ನು ನೋಡಿ ನಗುವ ಮೊದಲು ನಮ್ಮ ತರಗತಿಯನ್ನೂ ನೋಡಬೇಕು. ಬೇರ್ ಆಕ್ಟ್‌ನ ಅಡಿಟಿಪ್ಪಣಿ ಓದುವುದು ಹೇಗೆ ಅಂತ ನನಗೆ ಮೂರನೇ ವರ್ಷದವರೆಗೂ ಗೊತ್ತಿರಲಿಲ್ಲ. ಯಾವ ತಿದ್ದುಪಡಿ ಕಾಯ್ದೆ ಯಾವ ಪದ ತೆಗೆದು ಯಾವ ಪದ ಹಾಕಿತು, ಯಾವ ದಿನದಿಂದ ಜಾರಿ, ಎಲ್ಲ ಅಲ್ಲೇ ಇರುತ್ತದೆ. ಸಣ್ಣ ಅಕ್ಷರ ಅಂತ ಬಿಟ್ಟುಬಿಡುತ್ತಿದ್ದೆ.

ದಿನಾಂಕದ ವಿಷಯ ಈಗಂತೂ ಇನ್ನೂ ಜಾಸ್ತಿ ಮುಖ್ಯ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302 ಈಗ 103. ಹೊಸ ಸಂಹಿತೆಯಲ್ಲೂ ಒಂದು 302 ಇದೆ. ಆದರೆ ಅದು ಧಾರ್ಮಿಕ ಭಾವನೆಗೆ ಬೇಕೆಂದೇ ನೋವುಂಟುಮಾಡುವ ಮಾತಿನ ಬಗ್ಗೆ. ನಂಬರ್ ಬಾಯಿಪಾಠ ಮಾಡಿದವರಿಗೆ ಇದು ಕಣ್ಣಿಗೆ ಕತ್ತಲು. ಅದರ ಮೇಲೆ, ಅಪರಾಧ ನಡೆದದ್ದು 2024ರ ಜೂನ್‌ನಲ್ಲಾಗಿದ್ದರೆ ಹಳೆಯ ಸಂಹಿತೆಯೇ ಅನ್ವಯ. ಅಂದರೆ ಮುಂದೆ ಎಷ್ಟೋ ವರ್ಷ ಎರಡೂ ಪುಸ್ತಕ ಮೇಜಿನ ಮೇಲೆ ಇರಲೇಬೇಕು. ಆದರೆ ನಮ್ಮ ಪರೀಕ್ಷೆ ಈಗಲೂ ಕೇಳುವುದು ‘ಸೆಕ್ಷನ್ ನಂಬರ್ ಸಹಿತ ವಿವರಿಸಿ’ ಅಂತ. ಯಾವ ತಾರೀಖಿನ ಘಟನೆ, ಆವತ್ತು ಜಾರಿಯಲ್ಲಿದ್ದ ಕಾನೂನು ಯಾವುದು, ಅದನ್ನು ಎಲ್ಲಿ ನೋಡಿದೆ ಅಂತ ಕೇಳುವುದಿಲ್ಲ.

ತೀರ್ಪುಗಳ ಕಥೆಯೂ ಅಷ್ಟೇ. ಹುಟ್ಟಿದ ತೀರ್ಪೆಲ್ಲ ಚಿರಂಜೀವಿ ಅಂದುಕೊಂಡು ಓದುತ್ತೇವೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಾಗಿಲ್ಲ ಅಂದ ಎಡಿಎಂ ಜಬಲ್‌ಪುರ್ ತೀರ್ಪು 1976ರದ್ದು. 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂದ ಒಂಬತ್ತು ನ್ಯಾಯಮೂರ್ತಿಗಳ ಪೀಠವೇ ಅದನ್ನು ಓವರ್‌ರೂಲ್ ಮಾಡಿತು, ಅಂದರೆ ಆ ತೀರ್ಪು ತಪ್ಪು, ಇನ್ನು ನಡೆಯುವುದಿಲ್ಲ ಅಂದಿತು. ಇದು ಎಲ್ಲರಿಗೂ ಗೊತ್ತಿರುವ ಉದಾಹರಣೆ, ಆದ್ದರಿಂದ ಯಾರೂ ಎಡವುವುದಿಲ್ಲ. ಎಡವುವುದು ಸಣ್ಣಪುಟ್ಟ ತೀರ್ಪುಗಳಲ್ಲಿ. ಬಾಡಿಗೆ, ಬಡ್ತಿ, ವಿಮೆ, ಕಾಲಮಿತಿ. ಅಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿದ್ದನ್ನು ನಾವು ಎತ್ತಿಕೊಂಡು ಹೋಗಿರುತ್ತೇವೆ. ಐವರ ಪೀಠ ಅದಕ್ಕೂ ಮೊದಲೇ ಬೇರೆ ಹೇಳಿರುತ್ತದೆ, ನಿಲ್ಲುವುದು ದೊಡ್ಡ ಪೀಠದ ಮಾತೇ. ಸಿಕ್ಕಿದ ತೀರ್ಪನ್ನು ಆಮೇಲೆ ಯಾರು ಉಲ್ಲೇಖಿಸಿದರು, ಒಪ್ಪಿದರೋ, ಅದು ಬೇರೆ ಸಂದರ್ಭದ್ದು ಅಂತ ಬದಿಗಿಟ್ಟರೋ, ತಿರಸ್ಕರಿಸಿದರೋ ಅಂತ ನೋಡುವುದಕ್ಕೆ ದೊಡ್ಡ ಡೇಟಾಬೇಸ್‌ಗಳಲ್ಲಿ ಒಂದು ಗುಂಡಿ ಇದೆ. ನಮ್ಮ ತರಗತಿಯ ಎಷ್ಟು ಜನ ಅದನ್ನು ಒತ್ತಿ ನೋಡಿದ್ದಾರೆ ಅಂತ ಕೇಳಿ ನೋಡಿ.

ಸೈಟೇಶನ್, ಅಂದರೆ ತೀರ್ಪು ಎಲ್ಲಿ ಅಚ್ಚಾಗಿದೆ ಅಂತ ಹೇಳುವ ಗುರುತಿನ ಬಗ್ಗೆ ಒಂದು ಮಾತು. ಮೊದಲ ವರ್ಷದಲ್ಲಿ ಎಐಆರ್ 1973 ಎಸ್‌ಸಿ 1461 ಅಂತ ಒಂದು ಕಡೆ, (1973) 4 ಎಸ್‌ಸಿಸಿ 225 ಅಂತ ಇನ್ನೊಂದು ಕಡೆ ಓದಿ, ಎರಡು ಬೇರೆ ಕೇಸು ಅಂತ ಬರೆದುಕೊಂಡವಳು ನಾನು. ಎರಡೂ ಕೇಶವಾನಂದ ಭಾರತಿ ಪ್ರಕರಣವೇ. ಒಂದೇ ತೀರ್ಪನ್ನು ಬೇರೆ ಬೇರೆ ಪ್ರಕಾಶಕರು ಅಚ್ಚು ಹಾಕುತ್ತಾರೆ, ವರ್ಷ, ಸಂಪುಟ, ಪುಟ ಸಂಖ್ಯೆ ಅವರವರದ್ದು. ಈಗ ಸುಪ್ರೀಂ ಕೋರ್ಟ್ ತಾನೇ ಒಂದು ನಂಬರ್ ಕೊಡುತ್ತಿದೆ, ಐಎನ್‌ಎಸ್‌ಸಿ ಅಂತ, ಒಳ್ಳೆಯದಾಯಿತು. ಈ ಐದು ನಿಮಿಷದ ಮಾತು ಯಾರೂ ಹೇಳದೇ ಇದ್ದದ್ದರಿಂದ ನಾನು ಒಂದು ವರ್ಷ ಕತ್ತಲಲ್ಲಿದ್ದೆ. ನಗಬೇಡಿ, ನನ್ನಂಥವರು ಬಹಳ ಜನ ಇದ್ದಾರೆ.

ಇನ್ನು ಹೆಡ್‌ನೋಟ್, ಅಂದರೆ ತೀರ್ಪಿನ ಮೇಲ್ಗಡೆ ಅಚ್ಚಾಗುವ ಸಾರಾಂಶ. ಗೈಡು ಓದಿ ಬೆಳೆದ ನಮಗೆ ಹೆಡ್‌ನೋಟ್ ಅಂದರೆ ವರಪ್ರಸಾದ. ಅದನ್ನು ಬರೆಯುವುದು ಸಂಪಾದಕರು, ನ್ಯಾಯಮೂರ್ತಿಗಳಲ್ಲ. ಅಮೆರಿಕದಲ್ಲಿ 1886ರ ಸಾಂಟಾ ಕ್ಲಾರಾ ಪ್ರಕರಣ ಇದಕ್ಕೆ ದೊಡ್ಡ ಸಾಕ್ಷಿ. ಸಂವಿಧಾನದ ಸಮಾನ ರಕ್ಷಣೆಯ ಮಟ್ಟಿಗೆ ಕಂಪನಿಗಳೂ ‘ವ್ಯಕ್ತಿ’ಗಳೇ ಅನ್ನುವ ಮಾತು ಆ ತೀರ್ಪಿನ ಒಳಗೆ ಇಲ್ಲ. ವಾದ ಶುರುವಾಗುವ ಮೊದಲು ಮುಖ್ಯ ನ್ಯಾಯಮೂರ್ತಿ ಆಡಿದ ಮಾತನ್ನು ತೀರ್ಪು ಪ್ರಕಟಿಸುವ ಕೋರ್ಟಿನ ವರದಿಗಾರರು ಹೆಡ್‌ನೋಟ್‌ಗೆ ಸೇರಿಸಿದರು. ಆಮೇಲಿನವರು ಅದನ್ನೇ ತೀರ್ಮಾನ ಅಂತ ಉಲ್ಲೇಖಿಸುತ್ತಾ ಹೋದರು. ನನ್ನ ಮೂಟ್ ಕಥೆ ನೆನೆದು ನಾಚಿಕೆಯಾದಾಗ ಈ ಕಥೆ ಓದಿ ಸ್ವಲ್ಪ ಸಮಾಧಾನ ಮಾಡಿಕೊಳ್ಳುತ್ತೇನೆ.

‘ಈಗ ಎಲ್ಲ ಕಂಪ್ಯೂಟರಲ್ಲೇ ಸಿಗುತ್ತಲ್ಲ, ಕಲಿಸೋದು ಏನಿದೆ?’ ಅಂತ ಒಬ್ಬ ಮೇಷ್ಟ್ರು ನನ್ನನ್ನು ಕೇಳಿದ್ದರು. ಅವರ ಮೇಲೆ ಗೌರವ ಇದೆ. ಉತ್ತರ ಆವತ್ತು ಬರಲಿಲ್ಲ, ಈಗ ಹೇಳುತ್ತೇನೆ. 1985ರಲ್ಲಿ ಬ್ಲೇರ್ ಮತ್ತು ಮ್ಯಾರನ್ ಅನ್ನುವ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ರೈಲು ಅಪಘಾತವೊಂದರ ಮೊಕದ್ದಮೆ. ಕಂಪ್ಯೂಟರಿನಲ್ಲಿ ಸುಮಾರು 40,000 ದಾಖಲೆ. ಅದರೊಳಗಿಂದ ಬೇಕಾದ್ದನ್ನು ಪದ ಹಾಕಿ ಹುಡುಕಿಸಿದ ವಕೀಲರು, ಕಮ್ಮಿ ಅಂದರೂ ಮುಕ್ಕಾಲು ಪಾಲು ಸಿಕ್ಕಿದೆ ಅಂದುಕೊಂಡಿದ್ದರು. ನಿಜವಾಗಿ ಸಿಕ್ಕಿದ್ದು ಶೇಕಡ 20ರಷ್ಟು. ಯಾಕೆ ಗೊತ್ತೇ? ಇವರು ಹುಡುಕಿದ್ದು ‘ಅಪಘಾತ’ ಅನ್ನುವ ಪದವನ್ನು. ದಾಖಲೆ ಬರೆದ ಕೆಲವರು ಅದನ್ನು ‘ಘಟನೆ’ ಅಂದಿದ್ದರು, ಕೆಲವರು ‘ಪರಿಸ್ಥಿತಿ’ ಅಂದಿದ್ದರು, ಕೆಲವರಿಗೆ ಅದು ಬರೀ ‘ಸಮಸ್ಯೆ’. ತಪ್ಪು ತಮ್ಮ ಮೇಲೆ ಬರುವ ಹಾಗಿದ್ದಾಗ ‘ಅಪಘಾತ’ ಅಂತ ಬರೆಯಲು ಯಾರ ಕೈಯೂ ಮುಂದಾಗುವುದಿಲ್ಲ, ಅಲ್ವಾ?

ನಲವತ್ತು ವರ್ಷ ಆಯಿತು. ಹುಡುಕುವ ಯಂತ್ರಗಳು ಎಷ್ಟೋ ಸುಧಾರಿಸಿವೆ. ಆದರೆ ಸಿಗದೇ ಉಳಿದದ್ದು ಕಣ್ಣಿಗೆ ಕಾಣುವುದಿಲ್ಲ ಅನ್ನುವ ತೊಡಕು ಹಾಗೇ ಇದೆ. ಅದಕ್ಕೇ ಅನುಭವಿಗಳು ಮೊದಲು ಹುಡುಕುವ ಪೆಟ್ಟಿಗೆಗೆ ಕೈ ಹಾಕುವುದಿಲ್ಲ. ಒಂದು ಒಳ್ಳೆಯ ಕಾಮೆಂಟರಿ (ಕಾನೂನನ್ನು ವಿವರಿಸುವ ಪುಸ್ತಕ) ತೆಗೆದು ಆ ವಿಷಯದ ಅಧ್ಯಾಯ ಓದುತ್ತಾರೆ. ಕೋರ್ಟುಗಳು ಈ ವಿಷಯಕ್ಕೆ ಯಾವ ಯಾವ ಪದ ಬಳಸುತ್ತವೆ ಅಂತ ಅಲ್ಲಿ ಸಿಗುತ್ತದೆ. ಆಮೇಲೆ ಕಾಯ್ದೆ, ಆಮೇಲೆ ತೀರ್ಪು. ಬೇರೆ ಬೇರೆ ದಾರಿಯಲ್ಲಿ ಹೋದರೂ ಅವೇ ನಾಲ್ಕೈದು ತೀರ್ಪು ತಿರುಗಿ ತಿರುಗಿ ಎದುರಾದರೆ ನಿಲ್ಲಿಸಬಹುದು ಅಂತಾರೆ. ಎಲ್ಲಿ ಶುರುಮಾಡಬೇಕು ಅನ್ನುವುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಅನ್ನುವುದು ಕಷ್ಟದ ಪಾಠ. ನನಗೆ ಇದನ್ನು ಹೇಳಿಕೊಟ್ಟದ್ದು ಯಾವ ಪತ್ರಿಕೆಯೂ ಅಲ್ಲ, ಲೈಬ್ರರಿಯನ್ ಮೇಡಂ. ಅವರಿಗೆ ತರಗತಿ ತೆಗೆದುಕೊಳ್ಳುವ ಅವಕಾಶವೇ ಇಲ್ಲ. ಪುಸ್ತಕ ಕೊಟ್ಟು ತೆಗೆದುಕೊಳ್ಳುವವರು ಅಂತ ಎಲ್ಲರೂ ತಿಳಿದಿದ್ದಾರೆ.

ಕನ್ನಡ ಮಾಧ್ಯಮದಿಂದ ಬಂದವರ ಪಾಡು ಇನ್ನೊಂದು ಸುತ್ತು ಹೆಚ್ಚು. ಸಂವಿಧಾನದ 348ನೇ ವಿಧಿ ಪ್ರಕಾರ ಸುಪ್ರೀಂ ಕೋರ್ಟಿನ ಕಲಾಪ ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ‘ಜೀವನಾಂಶ’ ಅನ್ನುವ ಒಂದೇ ಪದ ನಮಗೆ ಗೊತ್ತು. ಇಂಗ್ಲಿಷಿನಲ್ಲಿ ಅದು ಮೆಂಟೆನೆನ್ಸ್, ಅಲಿಮನಿ ಅಂತ ಎರಡು ಹೆಸರಿನಲ್ಲಿ, ಬೇರೆ ಬೇರೆ ಕಾಯ್ದೆಯ ಅಡಿ ಇರುತ್ತದೆ. ಮನೆ ಖಾಲಿ ಮಾಡಿಸುವ ಕೇಸು ಹುಡುಕಬೇಕಾದರೆ ಎವಿಕ್ಷನ್, ಇಜೆಕ್ಟ್‌ಮೆಂಟ್, ರಿಕವರಿ ಆಫ್ ಪೊಸೆಷನ್ ಅಂತ ಮೂರೂ ಹಾಕಿ ನೋಡಬೇಕು. ಈ ಪದಗಳ ಪಟ್ಟಿಯನ್ನು ಯಾರಾದರೂ ಕೈಗೆ ಕೊಡಬೇಕು. ಸುಪ್ರೀಂ ಕೋರ್ಟ್ ತನ್ನ ಕೆಲವು ತೀರ್ಪುಗಳ ಕನ್ನಡ ಅನುವಾದವನ್ನೂ ಹಾಕುತ್ತಿದೆ, ಅದು ಖುಷಿಯ ವಿಷಯ. ಆದರೆ ಅಧಿಕೃತ ಪಠ್ಯ ಇಂಗ್ಲಿಷಿನದೇ ಅಂತ ಅನುವಾದದ ಜೊತೆಗೇ ಹೇಳಿರುತ್ತಾರೆ. ಅರ್ಥಮಾಡಿಕೊಳ್ಳಲು ಕನ್ನಡ ಓದು, ಉಲ್ಲೇಖಿಸಲು ಇಂಗ್ಲಿಷ್ ತೆರೆ. ಇದನ್ನು ಕೂಡ ಹೇಳಿಕೊಡಬೇಕಾದ ಮಾತೇ.

ಎಐ ಬಗ್ಗೆ ಹೇಳದಿದ್ದರೆ ಈ ಪತ್ರ ಹಳೇ ಕಾಲದ್ದಾಗುತ್ತದೆ. ನಾವು ಬಳಸುತ್ತಿದ್ದೇವೆ. ಎಲ್ಲರೂ. ಬಳಸಬೇಡಿ ಅಂತ ನೋಟಿಸ್ ಬೋರ್ಡಿಗೆ ಹಾಳೆ ಅಂಟಿಸಿದರೆ ನಿಲ್ಲುವುದಿಲ್ಲ. ಬದಲಿಗೆ ನ್ಯೂಯಾರ್ಕಿನ ಮಾಟಾ ವಿರುದ್ಧ ಅವಿಯಾಂಕಾ ಪ್ರಕರಣವನ್ನು ಒಂದು ಪಾಠವಾಗಿ ಇಡಿ. ವಿಮಾನದಲ್ಲಿ ತಿಂಡಿ ತಳ್ಳುವ ಗಾಡಿ ಮೊಣಕಾಲಿಗೆ ಬಡಿಯಿತು ಅಂತ ಹೂಡಿದ ಕೇಸು. ಮೂವತ್ತು ವರ್ಷ ಅನುಭವ ಇದ್ದ ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಕೋರ್ಟಿಗೆ ಬರೆದುಕೊಟ್ಟರು. ಆ ತೀರ್ಪುಗಳು ಇರಲೇ ಇಲ್ಲ. 2023ರ ಜೂನ್‌ನಲ್ಲಿ 5,000 ಡಾಲರ್ ದಂಡ ಬಿತ್ತು. ನನಗೆ ಇದರಲ್ಲಿ ಕುತೂಹಲ ಅನಿಸಿದ್ದು ದಂಡ ಅಲ್ಲ. ಆ ವಕೀಲರಿಗೆ ಅನುಮಾನ ಬಂದಿತ್ತು. ‘ಈ ಕೇಸು ನಿಜವೇ?’ ಅಂತ ಕೇಳಿದ್ದರು ಕೂಡ. ಆದರೆ ಕೇಳಿದ್ದು ಯಾರನ್ನು? ಚಾಟ್‌ಜಿಪಿಟಿಯನ್ನೇ! ಅದು ಹೌದು ಅಂದಿತು. ಸುಳ್ಳು ಸಾಕ್ಷಿಯನ್ನೇ ಕರೆದು ‘ನೀನು ಹೇಳಿದ್ದು ನಿಜವಾ’ ಅಂತ ಕೇಳಿದ ಹಾಗೆ. ತೀರ್ಪನ್ನು ಅದು ಅಚ್ಚಾದ ಜಾಗದಲ್ಲೇ ತೆರೆದು ನೋಡುವ ಅಭ್ಯಾಸ ಒಂದಿದ್ದರೆ ಎರಡು ನಿಮಿಷದಲ್ಲಿ ಬಯಲಾಗುತ್ತಿತ್ತು.

ಹಾಗೆ ತೆರೆದು ನೋಡಲು ದುಬಾರಿ ಚಂದಾ ಬೇಕಿಲ್ಲ. ಕಾಲೇಜಿನ ಡೇಟಾಬೇಸ್ ಪಾಸ್‌ವರ್ಡ್ ಪದವಿ ಮುಗಿದ ದಿನ ಸಾಯುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಕೂರುವ ಹೊಸ ವಕೀಲರ ಹತ್ತಿರ ಅದು ಇರುವುದಿಲ್ಲ. ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಕೇಂದ್ರ, ರಾಜ್ಯ ಕಾಯ್ದೆಗಳು ಪುಕ್ಕಟೆ ಸಿಗುತ್ತವೆ. ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು ಇ-ಎಸ್‌ಸಿಆರ್‌ನಲ್ಲಿ 2023ರಿಂದ ಉಚಿತ. ತೀರ್ಪು ಹುಡುಕುವ ಇಂಡಿಯನ್ ಕಾನೂನ್ ಜಾಲತಾಣ 2008ರಿಂದ ಇದೆ. ಡೇಟಾಬೇಸ್ ಕಂಪನಿಯವರು ವರ್ಷಕ್ಕೊಮ್ಮೆ ಬಂದು ತಮ್ಮ ಸಾಮಾನು ತೋರಿಸಿ ಸರ್ಟಿಫಿಕೇಟ್ ಕೊಟ್ಟು ಹೋಗುವುದನ್ನು ‘ರಿಸರ್ಚ್ ಕಾರ್ಯಾಗಾರ’ ಅಂತ ಕರೆಯುವುದು ಬಿಡೋಣ. ಪುಕ್ಕಟೆ ಸಿಗುವುದರಲ್ಲಿ ಹುಡುಕಲು ಬಂದವರಿಗೆ ಚಂದಾ ಕೊಟ್ಟು ಸಿಗುವುದರಲ್ಲಿ ಹುಡುಕುವುದು ಕಷ್ಟವಾಗುವುದಿಲ್ಲ.

ನಾನು ಕೇಳುತ್ತಿರುವುದು ಹೊಸ ಕಟ್ಟಡ ಅಲ್ಲ, ಹೊಸ ಹುದ್ದೆಯೂ ಅಲ್ಲ. ‘ಸಂಶೋಧನೆಯ ಅರ್ಥ, ಸ್ವರೂಪ ಮತ್ತು ವಿಧಗಳು’ ಅಂತ ಇನ್ನೊಂದು ಥಿಯರಿ ಪೇಪರ್ ಅಂತೂ ದಯವಿಟ್ಟು ಬೇಡ. ಅದಕ್ಕೂ ಒಂದು ಗೈಡ್ ಬರುತ್ತದೆ, ನಾವು ಅದನ್ನೂ ಬಾಯಿಪಾಠ ಮಾಡುತ್ತೇವೆ. ಬೇಕಾದ್ದು ಮೊದಲ ಸೆಮಿಸ್ಟರಿನಿಂದಲೇ ವಾರಕ್ಕೊಂದು ನಿಜವಾದ ಪ್ರಶ್ನೆ. ‘ಬಾಡಿಗೆದಾರ ಸತ್ತರೆ ಅವನ ತಂಗಿ ಮನೆಯಲ್ಲಿ ಮುಂದುವರಿಯಬಹುದೇ?’ ಇಂಥದ್ದು. ಉತ್ತರ ಒಂದೇ ಪುಟ. ಅದರ ಜೊತೆ ಹುಡುಕಿದ ದಾರಿಯ ಡೈರಿ ಒಂದು ಪುಟ. ಯಾವ ಪದ ಹಾಕಿದೆ, ಎಲ್ಲಿ ನೋಡಿದೆ, ಯಾವ ತಾರೀಖು, ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ, ನನಗೆ ವಿರುದ್ಧವಾಗಿ ಏನು ಸಿಕ್ಕಿತು. ಇಂಟರ್ನಲ್ ಮಾರ್ಕ್ಸ್‌ನಲ್ಲಿ ಅರ್ಧ ಆ ಡೈರಿಗೆ ಇರಲಿ. ಉತ್ತರವನ್ನು ಗೆಳತಿಯಿಂದ ನಕಲು ಮಾಡಬಹುದು, ಎಐ ಕೈಲಿ ಬರೆಸಬಹುದು. ಡೈರಿ ಮುಂದಿಟ್ಟುಕೊಂಡು ‘ಯಾವ ಪ್ಯಾರಾ? ಅದಕ್ಕೆ ಮೊದಲಿನ ಪ್ಯಾರಾದಲ್ಲಿ ಏನಿದೆ?’ ಅಂತ ಎರಡು ಪ್ರಶ್ನೆ ಕೇಳಿದರೆ ಓದಿದವರು ಯಾರು, ಓದದವರು ಯಾರು ಅಂತ ಗೊತ್ತಾಗುತ್ತದೆ. ಲೈಬ್ರರಿಯನ್ ಅವರಿಗೂ ಆ ಮೌಲ್ಯಮಾಪನದಲ್ಲಿ ಪಾಲು ಇರಲಿ.

ಅರವತ್ತು ಜನರ ಡೈರಿ ವಾರಾ ವಾರಾ ಓದುವವರು ಯಾರು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಕೊನೆಯ ವರ್ಷದವರನ್ನು ಹಚ್ಚಿ. ಮೊದಲ ವರ್ಷದವರ ಡೈರಿ ನಾವು ನೋಡುತ್ತೇವೆ, ನಮಗೂ ಅದು ಕಲಿಕೆಯೇ. ಈ ಸೆಮಿಸ್ಟರಿನಲ್ಲಿ ನಾನು ನಾಲ್ಕು ಜನ ಜೂನಿಯರ್‌ಗಳ ಜೊತೆ ಸುಮ್ನೆ ಪ್ರಯೋಗಕ್ಕೆ ಅಂತ ಹೀಗೆ ಮಾಡುತ್ತಿದ್ದೇನೆ. ಶನಿವಾರ ಮಧ್ಯಾಹ್ನ, ಲೈಬ್ರರಿಯ ಮೂಲೆಯ ಮೇಜು. ಹೋದ ವಾರ ಒಬ್ಬಳು ತನಗೆ ಪೂರ್ತಿ ಅನುಕೂಲವಾದ ತೀರ್ಪು ತಂದು, ‘ಅಕ್ಕಾ, ಇದನ್ನ ಬಳಸೋ ಹಾಗಿಲ್ಲ, ಎರಡು ವರ್ಷದ ಹಿಂದೆ ಓವರ್‌ರೂಲ್ ಆಗಿದೆ’ ಅಂತ ಮುಖ ಸಣ್ಣ ಮಾಡಿಕೊಂಡು ಹೇಳಿದಳು. ನನಗೆ ಹಬ್ಬ ಆದಷ್ಟು ಸಂತೋಷ.

ಪಠ್ಯಕ್ರಮ ಸಮಿತಿ ಮುಂದಿನ ಸಲ ಸೇರುವ ದಿನ ಒಂದು ಗಂಟೆ ಮೊದಲೇ ಬನ್ನಿ. ಯಾವುದಾದರೂ ತರಗತಿಯಿಂದ ಹತ್ತು ಜನರನ್ನು ಕರೆದು ಒಂದು ಪ್ರಶ್ನೆ ಕೊಡಿ. ಲೈಬ್ರರಿ, ಇಂಟರ್ನೆಟ್, ಎಐ, ಏನು ಬೇಕಾದರೂ ಬಳಸಲಿ. ಮುಗಿದ ಮೇಲೆ ಅವರ ಹಿಂದೆ ನಿಂತು, ಪರದೆಯ ಮೇಲೆ ತೆರೆದಿರುವುದು ಏನು ಅಂತ ನೋಡಿ. ನೋಡಿದ ಮೇಲೆ ಸಭೆ ಶುರುಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಕೊನೆಯ ವರ್ಷದ ಒಬ್ಬ ಕಾನೂನು ವಿದ್ಯಾರ್ಥಿನಿ